ತನಗೆ ತಾನೇ ಸಾಕ್ಷಿಯಾದ ಚುಕ್ಕಿ

ಅವಳನ್ನು ಎಲ್ಲರೂ ಕರೆಯುವುದು ತಕ್ಕಡಿ ಅಂತಲೇ. ಎದುರಿಗೆ ತಕ್ಕಡಿಯಕ್ಕ, ಬೆನ್ನ ಹಿಂದೆ ಬರೀ ತಕ್ಕಡಿ. ಈ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಯಾರಾದರೂ ಸರಿ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಅಷ್ಟು ಸರಿಯಾಗಿ ಕೂತಿದೆ. ಕ್ಯಾಂಟೀನಿನಲ್ಲಿ ಟೀ ಲೋಟ ಕೈಗೆ ಬಂದರೆ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ನಿನ್ನೆಗಿಂತ ಅರ್ಧ ಬೆರಳು ಕಮ್ಮಿ ಅನ್ನುವ ಹೆಂಗಸು. ಕಮ್ಮಿ ಇರುವುದೇನೋ ನಿಜವೇ. ಅದನ್ನು ನಾಲ್ಕು ಜನರ ಮುಂದೆ ಹೇಳಬೇಕೇ? ಹೇಳಲೇಬೇಕು, ಇಲ್ಲದಿದ್ದರೆ ಅವಳಿಗೆ ಟೀ ಗಂಟಲಲ್ಲಿ ಇಳಿಯುವುದಿಲ್ಲ.

ಕೆಲಸ ವೀಕ್ಷಣಾಲಯದಲ್ಲಿ. ಹಾಗೆಂದ ಕೂಡಲೇ ಜನ ಅವಳನ್ನು ಬೆಟ್ಟದ ತುದಿಯಲ್ಲಿ ಶಾಲು ಹೊದ್ದು, ಟೆಲಿಸ್ಕೋಪಿಗೆ ಕಣ್ಣು ಹಚ್ಚಿ ಕೂತವಳು ಎಂದುಕೊಳ್ಳುತ್ತಾರೆ. ಎಲ್ಲಿಯ ಬೆಟ್ಟ, ಎಲ್ಲಿಯ ಶಾಲು. ಟೆಲಿಸ್ಕೋಪು ಬೆಟ್ಟದ ಮೇಲಿದೆ, ಅವಳಿರುವುದು ಕೆಳಗೆ ಊರಿನಲ್ಲಿ, ಟೈರು ಅಂಗಡಿಯ ಎದುರಿನ ಕಟ್ಟಡದ ಮೇಲಂತಸ್ತಿನಲ್ಲಿ. ಕಿಟಕಿ ತೆರೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸೆಕೆ. ಬೆಳಿಗ್ಗೆ ಬಂದು ಸಂಜೆ ಹೋಗುವ ಕೆಲಸ. ನಕ್ಷತ್ರಗಳ ಅನ್ನ ತಿನ್ನುವವಳಾದರೂ ಅವಳಷ್ಟು ಬೇಗ ಮಲಗುವವರು ಆ ಬೀದಿಯಲ್ಲಿ ಇನ್ನೊಬ್ಬರಿಲ್ಲ.

ಅವಳು ಮಾಡುವುದೇನೆಂದರೆ, ಪಟ ತೊಳೆಯುವುದು. ಬೆಟ್ಟದ ಮೇಲಿನ ಟೆಲಿಸ್ಕೋಪು ಆಕಾಶದ ಅದದೇ ತುಂಡುಗಳನ್ನು ಮತ್ತೆ ಮತ್ತೆ ಪಟ ತೆಗೆಯುತ್ತಿರುತ್ತದೆ. ಇವತ್ತಿನ ಪಟದಿಂದ ಹಳೆಯದನ್ನು ಕಳೆದರೆ ಉಳಿಯುವುದೇ ಸುದ್ದಿ: ಎಲ್ಲೋ ಒಂದು ಚುಕ್ಕಿ ಸಿಡಿದಿದೆ, ಎಲ್ಲೋ ಒಂದು ಕಂದಿದೆ, ಏನೂ ಇರದಿದ್ದ ಕಡೆ ಏನೋ ಬಂದು ಕೂತಿದೆ. ಕೇಳುವುದಕ್ಕೆ ಸುಲಭ. ಆದರೆ ಎರಡು ಪಟಗಳ ನಡುವೆ ಬದಲಾಗುವುದು ಆಕಾಶವೊಂದೇ ಅಲ್ಲವಲ್ಲ. ನಿನ್ನೆ ತೆಳು ಮೋಡ ಇತ್ತು, ಇವತ್ತಿಲ್ಲ. ಕನ್ನಡಿಯ ಮೇಲೆ ಧೂಳು ಕೂತಿದೆ. ಕ್ಯಾಮೆರಾದ ಒಂದು ಮೂಲೆ ಇನ್ನೊಂದಕ್ಕಿಂತ ಮಂಕು. ಅದಕ್ಕೆ ಗಾಢ ಕತ್ತಲಲ್ಲೂ ಏನೋ ಕಂಡೆ ಅನ್ನುವ ಚಾಳಿ ಬೇರೆ. ಈ ಕೊಳೆಯನ್ನೆಲ್ಲ ತೊಳೆದು, ಪಟಗಳನ್ನು ಒಂದೇ ಅಳತೆಗೆ ತರದೆ ಕಳೆಯಲು ಕೂತರೆ ಸಿಗುವುದು ಬರೀ ಗಾಳಿಸುದ್ದಿ.

ಅಳತೆಗೆ ತರುವುದಕ್ಕೆ ಒಂದು ಉಪಾಯವಿದೆ. ಪಟದ ಒಂದೊಂದು ಮೂಲೆಯಲ್ಲೂ ಬದಲಾಗದ ಒಂದಷ್ಟು ಚುಕ್ಕಿಗಳನ್ನು ಆರಿಸಿ ಇಟ್ಟುಕೊಳ್ಳುತ್ತಾರೆ. ಅವಕ್ಕೆ ಅಳತೆ ಚುಕ್ಕಿಗಳೆಂದು ಹೆಸರು. ಅವು ಇವತ್ತು ಮಂಕಾಗಿ ಕಂಡರೆ ತಪ್ಪು ಅವುಗಳದ್ದಲ್ಲ, ಗಾಳಿಯದ್ದು ಅಥವಾ ಗಾಜಿನದ್ದು. ಅವು ಎಷ್ಟು ಕುಗ್ಗಿವೆಯೋ ಅಷ್ಟು ಬೆಳಕನ್ನು ಆ ಮೂಲೆಗೆಲ್ಲ ಸೇರಿಸಿದರೆ ಲೆಕ್ಕ ಸರಿಹೋಯಿತು. ಹಿಂದೆ ಇದನ್ನು ನಾಲ್ಕು ಜನ ಕೂತು, ಕಣ್ಣು ಕೆಂಪು ಮಾಡಿಕೊಂಡು ಮಾಡುತ್ತಿದ್ದರು. ತಕ್ಕಡಿ ಬಂದಮೇಲೆ ಅದೆಲ್ಲವನ್ನೂ ತಾನಾಗಿಯೇ ಮಾಡಿ ಮುಗಿಸುವ ಪ್ರೋಗ್ರಾಂ ಬರೆದಳು. ಬೆಟ್ಟದಿಂದ ಹಸಿ ಪಟ, ಅಂದರೆ ಇನ್ನೂ ತೊಳೆಯದ ಪಟ, ಇಳಿಯುವುದೇ ತಡ, ಪ್ರೋಗ್ರಾಂ ಅದನ್ನು ತೊಳೆದು, ಅಳೆದು, ಕಳೆದು, ಬದಲಾವಣೆ ಸಿಕ್ಕರೆ ದೇಶವಿದೇಶದ ವೀಕ್ಷಣಾಲಯಗಳಿಗೆಲ್ಲ ತಾನೇ ಸೂಚನೆ ಕಳಿಸುತ್ತದೆ. ಮನುಷ್ಯರ ಕೈ ಸೋಕುವುದಿಲ್ಲ.

ಆ ಪ್ರೋಗ್ರಾಮಿನ ಬಗ್ಗೆ ಅವಳಿಗೆ ಜಂಬವಿತ್ತೇ? ಇತ್ತು, ಧಾರಾಳವಾಗಿ ಇತ್ತು. ಹೊಟ್ಟೆಯಲ್ಲಿ ಹುಟ್ಟಿದ್ದಕ್ಕಿಂತ ಹೆಚ್ಚಿನ ಮುದ್ದು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವ ಅತ್ತೆಚಿಕ್ಕಮ್ಮಂದಿರಿಗೆ, ಅಳತೆಗೆ ಸರಿಯಾದವನು ಸಿಗಲಿಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದಳು. ವರ್ಷಗಳ ಹಿಂದೆ ದೊಡ್ಡ ಸಭೆಯೊಂದರಲ್ಲಿ ಪ್ರೋಗ್ರಾಮಿನ ಬಗ್ಗೆ ಮಾತಾಡುತ್ತ, ಒಂದು ಅಳತೆ ಚುಕ್ಕಿಯ ಬೆಳಕಿನ ಗೆರೆಯನ್ನು ಪರದೆಯ ಮೇಲೆ ತೋರಿಸಿದ್ದಳು. ಮೋಡ ಬಂದು ಹೋಗಿದೆ, ಕನ್ನಡಿ ತೊಳೆದಿದ್ದಾರೆ, ಕ್ಯಾಮೆರಾ ಕೆಟ್ಟು ರಿಪೇರಿಯಾಗಿದೆ, ಆ ಗೆರೆ ಮಾತ್ರ ನೂಲು ಹಿಡಿದು ಎಳೆದಷ್ಟು ನೆಟ್ಟಗೆ. ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆಯ ಗಾಳಿಗೆ ತಲೆ ತಿರುಗಿ, ಇನ್ನು ಮುಂದೆ ಯಾರೂ ಹಸಿ ಪಟದ ಮುಖ ನೋಡಬೇಕಾಗಿಲ್ಲ ಎಂದುಬಿಟ್ಟಳು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಗೆರೆಯ ಪೋಸ್ಟರು ಕಚೇರಿಯ ಮೆಟ್ಟಿಲ ಗೋಡೆಗೆ ಬಂತು, ಮಾತು ಎಲ್ಲರ ಬಾಯಿಗೆ ಬಂತು.

ಈ ತೊಳೆಯುವ ವಿದ್ಯೆ ಅವಳಿಗೆ ರಕ್ತದಲ್ಲೇ ಬಂದದ್ದು ಎನ್ನಬೇಕು. ಅವಳಪ್ಪನದ್ದು ಫೋಟೋ ಸ್ಟುಡಿಯೋ. ಫೋಟೋ ತೆಗೆಯುವವರು ಊರಲ್ಲಿ ಬೇಕಾದಷ್ಟು ಜನ, ತಿದ್ದುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ನೆಗೆಟಿವ್ ಅನ್ನು ದೀಪದ ಮುಂದೆ ಹಿಡಿದು, ಚೂಪು ಪೆನ್ಸಿಲು ಮತ್ತು ಸಣ್ಣ ಚಾಕುವಿನಲ್ಲಿ ಮೊಡವೆ, ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು ಎಲ್ಲವನ್ನೂ ಮಾಯ ಮಾಡುತ್ತಿದ್ದ. ಅವನ ಸ್ಟುಡಿಯೋಗೆ ಹೋಗಿ ಕುರೂಪಿಯಾಗಿ ಹೊರಬಂದವರಿಲ್ಲ. ಈಗ ಸ್ಟುಡಿಯೋ ಮುಚ್ಚಿದೆ, ಮಗಳ ಜೊತೆ ಎರಡು ಕೋಣೆಯ ಮನೆಯಲ್ಲಿದ್ದಾನೆ, ಕಣ್ಣು ಇನ್ನೂ ಚುರುಕು, ಬಾಯಿ ಅದಕ್ಕಿಂತ ಚುರುಕು. ಮಗಳು ಪರದೆಯ ಮೇಲೆ ಆಕಾಶ ತೊಳೆಯುವುದನ್ನು ಒಮ್ಮೆ ನೋಡಿ, ನಾನು ಮುಖಕ್ಕೆ ಮಾಡಿದ್ದನ್ನು ನೀನು ಮೇಲಿನವರಿಗೆ ಮಾಡ್ತಿದೀಯ ಎಂದಿದ್ದ. ಅವಳಿಗೆ ಅದು ಹೊಗಳಿಕೆ ಅಂತಲೇ ಅನಿಸಿತ್ತು.

ಕಥೆ ಶುರುವಾಗುವುದು ಹೊಸ ನಿರ್ದೇಶಕರು ಬಂದಮೇಲೆ. ಕೆಟ್ಟವರಲ್ಲ, ಆ ಮಾತು ಮೊದಲೇ ಹೇಳಿಬಿಡಬೇಕು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಯವಾಗಿ ಮಾತಾಡುವ ಮನುಷ್ಯ, ದನಿ ಏರಿಸಿದ್ದನ್ನು ಕಂಡವರಿಲ್ಲ. ಅವರ ಕಣ್ಣಿಗೆ ಬಿದ್ದದ್ದು ನೆಲಮಾಳಿಗೆಯ ತಣ್ಣನೆಯ ಕೋಣೆ. ಮೊದಲಿನ ವರ್ಷಗಳಿಂದ ಇಲ್ಲಿಯವರೆಗಿನ ಹಸಿ ಪಟಗಳೆಲ್ಲ ಅಲ್ಲಿನ ಹಳೆಯ ಯಂತ್ರಗಳಲ್ಲಿವೆ. ಯಂತ್ರಗಳು ಮುದಿಯಾಗಿ ಒಂದೊಂದೇ ಕೈಕೊಡುತ್ತಿದ್ದವು, ಅವನ್ನು ತಂಪಾಗಿಡಲು ಕರೆಂಟು ನೀರಿನಂತೆ ಹರಿಯುತ್ತಿತ್ತು. ತೊಳೆದ ಪಟಗಳು ಬೇರೆ ಕಡೆ ಭದ್ರವಾಗಿವೆಯಲ್ಲ, ಹಸಿ ಪಟಗಳನ್ನು ಅಳಿಸಿ ಆ ಕೋಣೆಯಲ್ಲಿ ಶಾಲೆಯ ಮಕ್ಕಳಿಗೆ ಆಕಾಶ ತೋರಿಸುವ ಗ್ಯಾಲರಿ ಮಾಡೋಣ ಎಂದರು. ಬಟ್ಟೆ ಒಗೆದಾದ ಮೇಲೆ ಕೊಳೆ ನೀರನ್ನು ಯಾರಾದರೂ ತುಂಬಿಡುತ್ತಾರೆಯೇ ಎಂದೂ ಕೇಳಿದರು. ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದರು.

ನಿಯಮದ ಪ್ರಕಾರ ಅಳಿಸುವ ಮುಂಚೆ ಪ್ರೋಗ್ರಾಂ ಬರೆದವಳ ಒಂದು ಸಹಿ ಬೇಕಿತ್ತು: ತೊಳೆದ ಪಟಗಳಲ್ಲಿ ಎಲ್ಲವೂ ಇದೆ, ಹಸಿ ಪಟದ ಅಗತ್ಯ ಮುಂದೆಂದೂ ಬೀಳುವುದಿಲ್ಲ. ಆ ಸಭೆಯಲ್ಲೇ ಕಾಗದ ಅವಳ ಮುಂದೆ ಬಂತು. ಅವಳು ಓದಿದಳು, ಪೆನ್ನು ತೆಗೆದಳು, ಮತ್ತೆ ಮುಚ್ಚಿದಳು. ಸಹಿ ಮಾಡಲಾರೆ ಎಂದಳು.

ನಿರ್ದೇಶಕರು ನಕ್ಕರು. ಹಸಿ ಪಟದ ಮುಖ ನೋಡಬೇಕಾಗಿಲ್ಲ ಎಂದವರು ನೀವೇ, ಮೆಟ್ಟಿಲ ಗೋಡೆಯ ಮೇಲಿರುವುದು ನಿಮ್ಮದೇ ಗೆರೆ, ಈಗ ನಿಮಗೇ ನಿಮ್ಮ ಪ್ರೋಗ್ರಾಮಿನ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳಿದರು.

"ಬರೆದವಳು ನಾನು ಸಾರ್, ಅದಕ್ಕೇ" ಎಂದಳು ತಕ್ಕಡಿ.

ಎಲ್ಲರೂ ನಕ್ಕರು, ಅವಳು ನಗಲಿಲ್ಲ. ತಪ್ಪಿದ್ದರೆ ತೋರಿಸಿ, ಮುಂದಿನ ಸಭೆಯ ತನಕ ಸಮಯ ತಗೊಳ್ಳಿ, ಇಲ್ಲದಿದ್ದರೆ ಸಹಿ ಹಾಕಿ ಎಂದರು ನಿರ್ದೇಶಕರು. ನ್ಯಾಯವಾದ ಮಾತೇ. ಆದರೆ ತನ್ನ ಕೂಸಿನಲ್ಲಿ ಕುಂದು ಹುಡುಕುವ ಕೆಲಸ ಯಾವ ತಾಯಿಗೆ ಬೇಕು? ಅವಳಿಗೆ ಬೇಕಾಯಿತು. ಅಷ್ಟು ವರ್ಷಗಳ ಆಕಾಶ ಅಳಿಸಿಹೋಗುವುದನ್ನು ತಡೆಯಲು ಅವಳ ಕೈಲಿದ್ದದ್ದು ಅದೊಂದೇ ದಾರಿ.

ಅವತ್ತಿನಿಂದ ಅವಳು ತನ್ನ ಪ್ರೋಗ್ರಾಮಿಗೆ ತಾನೇ ಶನಿಯಾದಳು. ಸುಳ್ಳು ಮೋಡ ಕೊಟ್ಟಳು, ಸುಳ್ಳು ಧೂಳು ಕೊಟ್ಟಳು, ಪಟ ತಿರುಗಿಸಿ ಕೊಟ್ಟಳು. ಪ್ರೋಗ್ರಾಂ ಎಲ್ಲವನ್ನೂ ನೆಟ್ಟಗೆ ತೊಳೆದು ಕೈಗಿಟ್ಟಿತು. ಕ್ಯಾಮೆರಾ ನೋಡಿಕೊಳ್ಳುವ ಎಂಜಿನಿಯರು ಅವಳಿಗಿಂತ ಒಂದೆರಡು ವರ್ಷ ಚಿಕ್ಕವನು, ಪಕ್ಕದ ಮೇಜು, ಬಾಯಿಗೆ ಬೀಗವಿಲ್ಲ. ಮಗು ಚಿವುಟಿ ತೊಟ್ಟಿಲು ತೂಗೋದು ಕೇಳಿದ್ದೆ ಅಕ್ಕಾ, ನೀನು ಚಿವುಟೋದು ಒಂದೇ ಮಾಡ್ತಿದೀಯ ಎಂದ. ಅವಳು, ಅಳಲಿ ಅಂತಲೇ ಚಿವುಟ್ತಿರೋದು, ಅಳ್ತಾನೇ ಇಲ್ವಲ್ಲೋ ಎಂದಳು. ನಿಜ ಹೇಳಬೇಕೆಂದರೆ ಒಳಗೊಳಗೆ ಹೆಮ್ಮೆಯೂ ಆಗುತ್ತಿತ್ತು.

ಒಂದು ಮಧ್ಯಾಹ್ನ ಮೆಟ್ಟಿಲು ಹತ್ತುತ್ತ ಪೋಸ್ಟರಿನ ಮುಂದೆ ನಿಂತಳು. ಸಾವಿರ ಸಲ ನೋಡಿದ ಗೆರೆ. ಅವತ್ತು ಅದನ್ನು ಕಂಡು ಹೆಮ್ಮೆಯ ಬದಲು ಕಸಿವಿಸಿಯಾಯಿತು. ಎಷ್ಟೇ ಒಳ್ಳೆಯ ಅಳತೆಯಾದರೂ ಕೂದಲೆಳೆಯಷ್ಟು ನಡುಕ ಇದ್ದೇ ಇರುತ್ತದೆ. ಗಾಳಿ ನಡುಗುತ್ತದೆ, ಬೆಳಕು ನಡುಗುತ್ತದೆ. ಉಳಿದ ಅಳತೆ ಚುಕ್ಕಿಗಳ ಗೆರೆಗಳಲ್ಲೆಲ್ಲ ಆ ನಡುಕವಿದೆ. ಇದರಲ್ಲಿ ಇಲ್ಲ. ಇದು ಬರೀ ನೆಟ್ಟಗಿಲ್ಲ, ಅತಿಯಾಗಿ ನೆಟ್ಟಗಿದೆ. ಇಷ್ಟು ವರ್ಷ ಆ ಗೆರೆಯ ಮುಂದೆ ಎಷ್ಟು ವಿದ್ವಾಂಸರು ನಿಂತು ತಲೆದೂಗಿದ್ದರೋ, ಮೊಟ್ಟಮೊದಲು ತಲೆದೂಗಿದವಳು ಅವಳೇ.

ಓಡಿಹೋಗಿ ಎಂಜಿನಿಯರನ್ನು ಎಬ್ಬಿಸಿಕೊಂಡು ನೆಲಮಾಳಿಗೆಗೆ ಇಳಿದಳು. ಆ ಚುಕ್ಕಿಯ ಹಸಿ ಪಟಗಳನ್ನು ಒಂದೊಂದಾಗಿ ತೆಗೆದು, ಹಿಂದೆಲ್ಲ ಮಾಡುತ್ತಿದ್ದಂತೆ, ಕೈಯಿಂದ ಅಳೆದರು. ಚಳಿಗೆ ಬೆರಳು ಮರಗಟ್ಟಿದರೂ ಬಿಡಲಿಲ್ಲ, ಮಾರನೆಯ ದಿನವೂ ಬಂದು ಕೂತರು. ಚುಕ್ಕಿ ನೆಟ್ಟಗಿರಲಿಲ್ಲ. ಮೊದಲ ವರ್ಷ ಪ್ರಖರವಾಗಿತ್ತು, ಆಮೇಲೆ ಮೆಲ್ಲಗೆ ಕಂದುತ್ತ ಅರ್ಧಕ್ಕಿಳಿದು, ಮತ್ತೆ ಮೆಲ್ಲಗೆ ಏರಿತ್ತು. ಅಂಥ ಚುಕ್ಕಿ ಸಿಗಲಿ ಎಂದೇ ಅಲ್ಲವೇ ಬೆಟ್ಟದ ಮೇಲೆ ಅಷ್ಟು ದೊಡ್ಡ ಕನ್ನಡಿ ಕೂರಿಸಿರುವುದು.

ಕಾರಣ ತಿಳಿಯಲು ಹೊತ್ತು ಹಿಡಿಯಲಿಲ್ಲ, ತಿಳಿದಾಗ ಅವಳು ಹಣೆ ಹಣೆ ಚಚ್ಚಿಕೊಂಡಳು. ಆಕಾಶದ ಆ ಮೂಲೆ ಬಡ ಮೂಲೆ. ಅಲ್ಲಿರುವ ಕೆಲವು ಚುಕ್ಕಿಗಳು ಕ್ಯಾಮೆರಾದ ಕಣ್ಣು ಕುಕ್ಕುವಷ್ಟು ಪ್ರಖರ, ಉಳಿದವು ಕಂಡೂ ಕಾಣದ ಪುಡಿ ಚುಕ್ಕಿಗಳು. ಅಳತೆಗೆ ಒಗ್ಗುವಂಥದ್ದು ಇದ್ದದ್ದು ಇದೊಂದೇ. ಹಾಗಾಗಿ ಪ್ರೋಗ್ರಾಂ ಆ ಮೂಲೆಯ ಅಳತೆಗೆ ಇದನ್ನೇ ಹಿಡಿದಿತ್ತು, ಆಮೇಲೆ ಆ ಅಳತೆಯಿಂದ ಇದನ್ನೇ ಅಳೆದಿತ್ತು. ಚುಕ್ಕಿ ಅರ್ಧ ಕಂದಿದರೆ, ಓಹೋ ಮೋಡವಿರಬೇಕು ಎಂದು ಮೂಲೆಗೆಲ್ಲ ಬೆಳಕು ಸೇರಿಸಿ, ನೋಡಿ ಚುಕ್ಕಿ ಹಾಗೇ ಇದೆ ಎಂದಿತ್ತು. ಕಳ್ಳನೇ ಸಾಕ್ಷಿ, ಕಳ್ಳನೇ ನ್ಯಾಯಾಧೀಶ. ಮೂಲೆಗೆ ಕನಿಷ್ಠ ಇಷ್ಟು ಅಳತೆ ಚುಕ್ಕಿ ಇರಲೇಬೇಕು ಎಂಬ ಒಂದು ಸಾಲು ಬರೆಯಬೇಕಿತ್ತು. ಪ್ರೋಗ್ರಾಂ ಬರೆಯುವಾಗ ಅವಳಿಗೆ ಅದು ಹೊಳೆಯಲಿಲ್ಲ. ಪರೀಕ್ಷೆಗೆಂದು ತೆಗೆದುಕೊಂಡ ಪಟಗಳೆಲ್ಲ ಚುಕ್ಕಿ ತುಂಬಿದ ಸಿರಿವಂತ ಮೂಲೆಗಳವು.

ಅವಳ ಹೊಟ್ಟೆ ಉರಿಸಿದ್ದು ಇನ್ನೊಂದು ಸಂಗತಿ. ಮೂಲೆಗೆಲ್ಲ ಸುಳ್ಳು ಬೆಳಕು ಸೇರಿದಾಗ ಸುತ್ತಲಿನ ಪುಡಿ ಚುಕ್ಕಿಗಳು ಮೆಲ್ಲಮೆಲ್ಲಗೆ ಪ್ರಖರವಾಗುತ್ತ ಕಂಡಿದ್ದವು. ಎಲ್ಲವೂ ಒಟ್ಟಿಗೆ, ಒಂದೇ ಸಮ. ಬದಲಾದವರು ನಾವಲ್ಲ, ಅವನು ಎಂದು ಅವು ತಮ್ಮ ಶಕ್ತಿ ಇದ್ದಷ್ಟು ಕೂಗಿದ್ದವು. ಪ್ರೋಗ್ರಾಂ ಏನು ಮಾಡಿತ್ತು ಗೊತ್ತೇ? ಇವು ಮಂದ ಚುಕ್ಕಿಗಳು, ಇವುಗಳ ಮಾತು ನಂಬಲರ್ಹವಲ್ಲ ಎಂದು ಗುರುತು ಹಾಕಿ ಬಾಯಿ ಮುಚ್ಚಿಸಿತ್ತು. ಹಾಗೆ ಮಾಡು ಎಂದು ಅದಕ್ಕೆ ಕಲಿಸಿದವಳೂ ಅವಳೇ.

ನಿರ್ದೇಶಕರ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಹಾಳೆಗಳನ್ನು ಹರಡಿ ಎಲ್ಲವನ್ನೂ ಹೇಳಿದಳು. ತೊಳೆದ ಪಟದಿಂದ ಹಿಂದಕ್ಕೆ ಹೋಗುವ ದಾರಿ ಇಲ್ಲ, ಎಷ್ಟು ಬೆಳಕು ಸೇರಿಸಿದೆ ಎಂಬ ಲೆಕ್ಕವನ್ನು ಪ್ರೋಗ್ರಾಂ ಉಳಿಸಿಕೊಂಡಿಲ್ಲ, ನಿಜ ಇರುವುದು ಹಸಿ ಪಟದಲ್ಲಿ ಮಾತ್ರ ಎಂದಳು. ಅವರು ಗಮನವಿಟ್ಟು ಕೇಳಿದರು. ಅವಳ ಪ್ರಾಮಾಣಿಕತೆಯನ್ನು ಹೊಗಳಿದರು. ಆಮೇಲೆ ತಮ್ಮ ದಾರಿ ತೋರಿಸಿದರು. ಆ ಚುಕ್ಕಿಯ ಹಸಿ ಪಟಗಳನ್ನಷ್ಟೇ ಬೇರೆ ಎತ್ತಿಡೋಣ, ಇನ್ನು ಅಂಥ ಬಡ ಮೂಲೆ ಇದ್ದರೆ ಅವನ್ನೂ ಇಡೋಣ, ಪ್ರೋಗ್ರಾಮಿನಲ್ಲಿ ಆ ಒಂದು ಸಾಲು ಸೇರಿಸಿಬಿಡಿ, ಪೋಸ್ಟರು ಹೇಗೂ ಹಳೆಯದಾಗಿದೆ ತೆಗೆಸೋಣ. ಹೊರಗೆ ಗೊತ್ತಾಗುವ ಅಗತ್ಯವಿಲ್ಲ. ಗ್ಯಾಲರಿಯ ಕೆಲಸ ಶುರುವಾಗುವ ಹೊತ್ತು, ಹೆಸರು ಕೆಡಬಾರದು, ನಿಮ್ಮದೂ ಸಹ.

ಇಲ್ಲಿ ತಕ್ಕಡಿ ಅಲ್ಲಾಡಿತು. ಅಲ್ಲಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನಯವಾದ ಮಾತು, ಅರ್ಧ ನ್ಯಾಯ, ಮೇಲೆ ತನ್ನ ಮಾನ ಉಳಿಯುವ ಆಸೆ. ಯೋಚಿಸಿ ಹೇಳುತ್ತೇನೆ ಎಂದು ಎದ್ದುಬಂದಳು. ಮನೆಗೆ ಹೋಗುವ ದಾರಿಯುದ್ದಕ್ಕೂ, ಇರಲಿ ಬಿಡು, ಒಂದು ತಪ್ಪು ತಾನೇ, ಸಿಕ್ಕಿತಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮನೆಯಲ್ಲಿ ಅಪ್ಪ ಕಿಟಕಿಯ ಬೆಳಕಿನಲ್ಲಿ ಕೂತು ಗೋಡೆಯ ಫೋಟೋಗಳ ಗಾಜು ಒರೆಸುತ್ತಿದ್ದ. ಮಡಿಲಲ್ಲಿ ಅಮ್ಮನ ಫೋಟೋ. ಅವಳು ಚಿಕ್ಕವಳಿದ್ದಾಗಲೇ ತೀರಿಹೋದ ಅಮ್ಮ. ಹುಬ್ಬಿನ ಮೇಲೆ ಅಮ್ಮನಿಗೆ ಒಂದು ಹಳೆಯ ಗಾಯದ ಕಲೆ ಇತ್ತು. ಮಡಿಲಲ್ಲಿ ಮಲಗಿದಾಗ ಕೈ ಚಾಚಿ ಅದನ್ನು ಸವರುತ್ತಿದ್ದದ್ದು ಅವಳ ಬೆರಳಿಗೆ ಇನ್ನೂ ನೆನಪಿತ್ತು. ಫೋಟೋದಲ್ಲಿ ಹಣೆ ನುಣುಪು. ಅಪ್ಪ ತೆಗೆದ ಎಲ್ಲ ಫೋಟೋಗಳಲ್ಲೂ ನುಣುಪೇ. ಅವಳು ಚಪ್ಪಲಿಯನ್ನೂ ಬಿಡದೆ ನಿಂತು ನೋಡಿದಳು.

"ಅಪ್ಪಾ, ಅಮ್ಮನ ಕಲೆ ಯಾವ ಹುಬ್ಬಿನ ಮೇಲಿತ್ತು?"

"ಎಡಗಡೇದು" ಎಂದ ಅಪ್ಪ. ಆಮೇಲೆ ಬಟ್ಟೆ ಹಿಡಿದ ಕೈ ನಿಂತಿತು. "ತಡಿ. ಬಲಗಡೆ ಇತ್ತೇನೋ."

ಅವನು ಫೋಟೋವನ್ನು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ. ಒಂದು ಹುಬ್ಬಿನ ಮೇಲೆ ಬೆರಳಿಟ್ಟ, ಇನ್ನೊಂದಕ್ಕೆ ಬದಲಿಸಿದ. ನೆಗೆಟಿವ್ ಇದೆಯಲ್ಲ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ, ಚಾಕು ಆಡಿಸಿದ್ದು ನೆಗೆಟಿವ್ ಮೇಲೆಯೇ ಎಂಬುದು ಅವಳಿಗೆ ಗೊತ್ತು.

"ನೀನೇ ತಾನೇ ಅಳಿಸಿದ್ದು, ನಿಂಗೂ ನೆನಪಿಲ್ವಾ?"

"ಅಳಿಸಿದ್ದಕ್ಕೇ ಕಣೇ ಮರೆತಿದ್ದು" ಎಂದ ಅಪ್ಪ. "ಇದ್ದಿದ್ರೆ ನೋಡಿ ಹೇಳ್ತಿದ್ದೆ."

ಅವಳಿಗೆ ಸಿಟ್ಟು ಬಂತು. ಅಪ್ಪನ ಮೇಲೆ ಬಂತು, ತನ್ನ ಮೇಲೆ ಬಂತು, ನಯವಾಗಿ ಮಾತಾಡುವ ಎಲ್ಲರ ಮೇಲೂ ಬಂತು. ಬೆರಳಿಗೆ ನೆನಪಿರುವುದು ಎಡವೋ ಬಲವೋ ಅವಳಿಗೂ ಹೇಳಲಾಗಲಿಲ್ಲ. ಕೇಳೋಣವೆಂದರೆ ಆ ಮುಖವನ್ನು ಹತ್ತಿರದಿಂದ ಕಂಡ ಮೂರನೆಯವರು ಉಳಿದಿರಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತ ತೊಳೆದಳು, ಅಳುವನ್ನೂ ಅದರ ಜೊತೆಗೇ ಮುಗಿಸಿದಳು. ಚೆನ್ನಾಗಿ ಕಾಣಲಿ ಅಂತ ಮಾಡಿದ್ದು ಎಂದು ಅಪ್ಪ ಆಚೆಯಿಂದ ಒಂದು ಸಲ ಹೇಳಿದ. ಅವನು ಹೇಳಿದ್ದೂ ನಿಜವೇ ಆಗಿತ್ತು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಹೋದಳು. ಬದಲಾವಣೆಯ ಸೂಚನೆಗಳನ್ನು ಪ್ರೋಗ್ರಾಂ ತಾನಾಗಿಯೇ ಕಳಿಸುತ್ತದೆಂದು ಹೇಳಿದೆನಲ್ಲ, ಅವತ್ತು ಮೊದಲ ಬಾರಿಗೆ ಅವಳು ಅದನ್ನು ಪಕ್ಕಕ್ಕೆ ಸರಿಸಿ ತನ್ನ ಕೈಯಿಂದ ಒಂದು ಸೂಚನೆ ಬರೆದಳು. ಉದ್ದವೇನಿಲ್ಲ. ಈ ಚುಕ್ಕಿ ಸ್ಥಿರವಲ್ಲ. ಸ್ಥಿರವೆಂದು ತೋರಿಸಿದ್ದು ನನ್ನ ಪ್ರೋಗ್ರಾಮಿನ ತಪ್ಪು, ಹೇಗೆ ತಪ್ಪಿತು ಎಂಬುದನ್ನು ಕೆಳಗೆ ಬರೆದಿದ್ದೇನೆ. ಇಂಥವು ಇನ್ನೂ ಇರಬಹುದು, ಎಲ್ಲಿವೆ ಎಂದು ನನಗೆ ತಿಳಿಯದು. ನಮ್ಮ ತೊಳೆದ ಪಟಗಳನ್ನಷ್ಟೇ ನಂಬಬೇಡಿ. ಹಸಿ ಪಟಗಳು ಇವೆ, ಬೇಕಾದವರು ಕೇಳಿ. ಕೊನೆಯಲ್ಲಿ ತನ್ನ ಹೆಸರು ಹಾಕಿದಳು. ಎಂಜಿನಿಯರು ಬರುವ ಹೊತ್ತಿಗೆ ಅದು ಹೋಗಿ ಮುಟ್ಟುವಲ್ಲಿಗೆಲ್ಲ ಮುಟ್ಟಿತ್ತು. ಅವನು ಪರದೆ ಓದಿ ಕುರ್ಚಿ ಎಳೆದುಕೊಂಡು ಕೂತ. ಇದು ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕಿಕೊಂಡ ಹಾಗೆ ಎಂದ. ನನ್ನ ಕಾಲು, ನನ್ನ ಕಲ್ಲು ಎಂದಳು ಅವಳು.

ಮುಂದಿನ ಸಭೆ ಅದೇ ವಾರ ಕೂಡಿತು. ನಿರ್ದೇಶಕರ ದನಿ ಏರಲಿಲ್ಲ, ಆದರೆ ಬೆಣ್ಣೆಯೂ ಇರಲಿಲ್ಲ. ಅಪ್ಪಣೆ ಇಲ್ಲದೆ ಸಂಸ್ಥೆಯ ಮಾನವನ್ನು ಬೀದಿಯಲ್ಲಿ ಹರಾಜು ಹಾಕಿದ್ದೀರಿ ಎಂದರು. ಒಂದು ಚುಕ್ಕಿಗಾಗಿ ಇಡೀ ಆಕಾಶವನ್ನು ಅನುಮಾನಕ್ಕೆ ತಳ್ಳಿದ್ದೀರಿ ಎಂದರು. ನಾನು ದಾರಿ ತೋರಿಸಿದ್ದೆ, ಗೊತ್ತಿರುವ ತಪ್ಪಿನ ಹಸಿ ಪಟ ಎತ್ತಿಡೋಣ ಅಂದಿದ್ದೆ ಎಂದು ಎಲ್ಲರಿಗೂ ಕೇಳುವಂತೆ ನೆನಪಿಸಿದರು.

"ಗೊತ್ತಿರೋದಕ್ಕೆ ಹಸಿ ಪಟ ಯಾಕೆ ಸಾರ್" ಎಂದಳು ತಕ್ಕಡಿ. "ಗೊತ್ತಿಲ್ದೇ ಇರೋದು ಎಲ್ಲಿದೆ ಅಂತ ಹೇಳಿ, ಅದನ್ನ ಬಿಟ್ಟು ಉಳಿದಿದ್ದೆಲ್ಲ ಇವತ್ತೇ ಅಳಿಸ್ತೀನಿ."

ತಲೆಯಾಡಿಸುವ ತಲೆಗಳೆಲ್ಲ ಮೇಜು ನೋಡುತ್ತ ಕೂತವು. ನಾಳೆಯಿಂದ ನಮ್ಮ ಪಟಗಳನ್ನು ಯಾರು ನಂಬುತ್ತಾರೆ ಎಂದು ನಿರ್ದೇಶಕರು ಕೇಳಿದ್ದಕ್ಕೆ, ನಂಬಿ ಅಂತ ಯಾರಿಗೂ ಹೇಳುವುದು ಬೇಡ, ತೆಗೆದು ನೋಡಿ ಅಂತ ಹೇಳೋಣ ಎಂದಳು. ಆಗ ಅವರು ಒಂದು ಖಾಲಿ ಹಾಳೆಯನ್ನು ಮೇಜಿನ ಮೇಲೆ ಅವಳ ಕಡೆ ತಳ್ಳಿದರು. ಆ ಸೂಚನೆ ಅವಸರದಲ್ಲಿ ಹೋಯಿತು, ಅದನ್ನು ಹಿಂತೆಗೆದುಕೊಂಡಿದ್ದೇನೆ, ಕ್ಷಮೆಯಿರಲಿ ಎಂದು ಎರಡು ಸಾಲು ಬರೆದುಕೊಡಿ. ಇಲ್ಲಿಗೆ ಮುಗಿಸೋಣ, ಪ್ರೋಗ್ರಾಂ ನಿಮ್ಮ ಕೈಲೇ ಇರುತ್ತದೆ. ಇಲ್ಲವೆಂದರೆ ಅದನ್ನು ಬೇರೆಯವರಿಗೆ ಒಪ್ಪಿಸಬೇಕಾಗುತ್ತದೆ.

ಹೊಡೆಯುವುದಾದರೆ ಅಲ್ಲಿಗೇ ಹೊಡೆಯಬೇಕು ಎಂದು ಅವರಿಗೆ ಗೊತ್ತಿತ್ತು. ಅವಳು ಹಾಳೆಯನ್ನು ಎರಡು ಬೆರಳಿನಲ್ಲಿ ಹಿಂದಕ್ಕೆ ಸರಿಸಿದಳು.

"ಪ್ರೋಗ್ರಾಂ ತಪ್ಪು ಅಂತ ಬರೆದಿದೀನಿ. ಬರೆದಿದ್ದು ತಪ್ಪು ಅಂತ ಬರೆಯಲ್ಲ."

ಹೇಳಿದವರು ಹೇಳಿದಂತೆ ಮಾಡಿದರು. ಆ ತಿಂಗಳೇ ಪ್ರೋಗ್ರಾಂ ಇನ್ನೊಬ್ಬರ ಕೈಗೆ ಹೋಯಿತು, ಅವಳು ಬರೆದ ಸಾಲುಗಳ ನೆತ್ತಿಯ ಮೇಲೆ ಬೇರೆ ಹೆಸರು ಬಂತು. ಮೆಟ್ಟಿಲ ಗೋಡೆ ಬೋಳಾಯಿತು. ಆದರೆ ಹಸಿ ಪಟ ಅಳಿಸುವ ಕಾಗದಕ್ಕೆ ಸಹಿ ಬೀಳಲಿಲ್ಲ, ಬೀಳುವಂತೆಯೂ ಇರಲಿಲ್ಲ. ಅಷ್ಟು ಹೊತ್ತಿಗೆ ಎಲ್ಲೆಲ್ಲಿಂದಲೋ ಜನ ಹಸಿ ಪಟ ಕೇಳತೊಡಗಿದ್ದರು, ಕೇಳಿದವರಿಗೆ ಅಳಿಸಿದೆವು ಎಂದು ಯಾವ ಮುಖದಿಂದ ಹೇಳುವುದು? ಗ್ಯಾಲರಿಗೆ ಬೇರೆ ಕೋಣೆ ಹುಡುಕಿದರು. ತಕ್ಕಡಿಯನ್ನು ನೆಲಮಾಳಿಗೆಗೆ ಹಾಕಿದರು, ಹಸಿ ಪಟಗಳ ಉಸ್ತುವಾರಿಗೆ. ಶಿಕ್ಷೆ ಅಂತಲೇ ಹಾಕಿದ್ದು. ಮೇಲಿನವರು ಬೆವರು ಒರೆಸಿಕೊಳ್ಳುವ ಕಾಲದಲ್ಲಿ ಅವಳು ಸ್ವೆಟರು ತೊಟ್ಟು, ಯಂತ್ರಗಳ ಗದ್ದಲದಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಿದ್ದಳು. ಪ್ರೋಗ್ರಾಂ ನೆನೆದು ಸಂಕಟವಾಗುತ್ತಿರಲಿಲ್ಲವೇ? ಆಗುತ್ತಿತ್ತು, ಹಾಲು ಬಿಡಿಸಿದ ತಾಯಿಯ ಹಾಗೆ ಆಗುತ್ತಿತ್ತು. ಅದನ್ನು ಯಾರಿಗೂ ತೋರಿಸುವ ಜಾತಿಯವಳಲ್ಲ ಅವಳು.

ಕೆಲವು ತಿಂಗಳ ಮೇಲೆ ಒಂದು ದಿನ ಎಂಜಿನಿಯರು ಮೆಟ್ಟಿಲಿಳಿದು ಬಂದ. ಮುಖ ಸಪ್ಪಗಿತ್ತು. ಅವಳು ಕಂಡಿರದ ಯಾವುದೋ ದೇಶದ, ಅವಳು ಕಂಡಿರದ ಒಬ್ಬ ಹೆಂಗಸು ಹಸಿ ಪಟಗಳನ್ನು ತರಿಸಿಕೊಂಡು ಕೂತು ನೋಡಿದ್ದಳಂತೆ. ಆ ಹೆಂಗಸಿನ ಪತ್ರ ಬಂದಿತ್ತು. ಬಡ ಮೂಲೆಯ ತಪ್ಪಲ್ಲ, ಬೇರೆಯದೇ ತಪ್ಪು: ತುಂಬಾ ವೇಗವಾಗಿ ಮಿನುಗಿ ಆರುವ ಒಂದು ಜಾತಿಯ ಚುಕ್ಕಿಯನ್ನು ಪ್ರೋಗ್ರಾಂ ಕ್ಯಾಮೆರಾದ ಚಾಳಿ ಎಂದು ತಿಳಿದು ಪ್ರತಿ ಸಲವೂ ಒರೆಸಿಹಾಕಿದೆ. ಒಂದಲ್ಲ, ಅಂಥವು ಹಲವಾರು ಸಿಕ್ಕಿವೆ. ಬೇಸರ ಮಾಡಿಕೊಳ್ಳಬೇಡಿ, ಇನ್ನಷ್ಟು ಪಟ ಕಳಿಸುತ್ತೀರಾ ಎಂದು ಕೇಳಿದ್ದಳು.

"ಇದನ್ನ ಮೇಲಿನವರಿಗೆ ತೋರಿಸ್ಬೇಡಕ್ಕಾ" ಎಂದ ಅವನು. "ಮೊದಲೇ ಒಂದಕ್ಕೆ ಇಷ್ಟಾಗಿದೆ."

ತಕ್ಕಡಿ ಪತ್ರವನ್ನು ಎರಡು ಸಲ ಓದಿದಳು. ಕಿವಿಯ ಹತ್ತಿ ತೆಗೆದು ಪಕ್ಕಕ್ಕಿಟ್ಟಳು. ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ಅವನು ಹಿಂದೆ ಕೇಳಿರಲಿಲ್ಲ. ಪತ್ರದ ಒಂದು ಪ್ರತಿಯನ್ನು ನಿರ್ದೇಶಕರಿಗೆ ಕಳಿಸಿದಳು. ಆಮೇಲೆ ಆ ಹೆಂಗಸು ಕೇಳಿದ್ದರ ಜೊತೆಗೆ ಕೇಳದೇ ಇದ್ದ ವರ್ಷಗಳ ಪಟಗಳನ್ನೂ ಕಟ್ಟಿ ಕಳಿಸಿ, ಕೆಳಗೆ ಒಂದು ಸಾಲು ಬರೆದಳು: ಬೇಸರವಿಲ್ಲ, ಇನ್ನೂ ಇದ್ದೇ ಇರುತ್ತವೆ, ಬಿಡದೆ ಹುಡುಕಿ.